ಹೆಸರಿಲ್ಲದ ಕಾರ್ಬನ್ ಫ್ರೇಮಿನ ರೋಡ್ ಬೈಕಿನಲ್ಲಿ ಸಪ್ಪಳ: ಮೂಲ ಪತ್ತೆ ಹಚ್ಚುವ ಕ್ರಮ

ಕಂಪನಿಯ ಹೆಸರಿಲ್ಲದ ಕಾರ್ಬನ್ ಫ್ರೇಮ್ ತರಿಸಿ, ಕ್ರ್ಯಾಂಕ್ (ಪೆಡಲ್ ಹಿಡಿದ ತೋಳುಗಳ ಜೋಡಿ), ಚಕ್ರ, ಬ್ರೇಕ್, ಗೇರುಗಳನ್ನು ಬೇರೆ ಬೇರೆ ಕಡೆಯಿಂದ ಕೂಡಿಸಿ ತಾವೇ ಕಟ್ಟಿಕೊಂಡ ರೋಡ್ ಬೈಕುಗಳು ಈಗ ಕಲಬುರಗಿ, ಬೀದರ್ ಭಾಗದ ರಸ್ತೆಗಳಲ್ಲೂ ಕಾಣುತ್ತಿವೆ. ಇವುಗಳ ಬಗ್ಗೆ ನನ್ನ ಕಿವಿಗೆ ಬೀಳುವ ದೂರುಗಳಲ್ಲಿ ಬಹುಪಾಲು ಒಂದೇ ಬಗೆಯವು. ಓವರ್‌ಬ್ರಿಜ್ಜಿನ ಏರಿನಲ್ಲಿಯೋ ಎದುರುಗಾಳಿಯಲ್ಲಿಯೋ ಜೋರಾಗಿ ತುಳಿದಾಗ ಕಾಲ ಬುಡದಿಂದ 'ಕಿರ್ರ್' ಎಂದೋ 'ಟಕ್' ಎಂದೋ ಸಪ್ಪಳ ಬರುತ್ತದೆ. ಆರಾಮವಾಗಿ ತುಳಿದರೆ ಬರುವುದಿಲ್ಲ. ಆ ದೋಷದ ಮೂಲವನ್ನು ಹುಡುಕುವುದು ಹೇಗೆ, ಸಿಕ್ಕ ಮೇಲೆ ಏನು ಮಾಡಬೇಕು ಎಂಬುದಷ್ಟೇ ಈ ಬರಹದ ವಿಷಯ.

ಸಪ್ಪಳ ಕೇಳಿದ ಕೂಡಲೇ ಕೈ ಹೋಗುವುದು ಅಲೆನ್ ಕೀಗೆ. ಉಕ್ಕಿನ ಸೈಕಲ್ಲಿನಲ್ಲಿ ಬಿಗಿ ಮಾಡುವುದು ಅರ್ಧದಷ್ಟು ರೋಗಗಳಿಗೆ ಮದ್ದಾಗಿರಬಹುದು, ಕಾರ್ಬನ್ನಿನಲ್ಲಿ ಅದೇ ಅಭ್ಯಾಸ ಹೊಸ ದೋಷವನ್ನು ಹುಟ್ಟಿಸುತ್ತದೆ. ಸೀಟ್‌ಪೋಸ್ಟಿನ (ಸೀಟ್ ಹೊರುವ ಕಂಬದ) ಕ್ಲ್ಯಾಂಪನ್ನು ಹದ ಮೀರಿ ಬಿಗಿದರೆ ನಾರಿನ ಪದರಗಳು ಒಳಗೊಳಗೇ ನಲುಗುತ್ತವೆ, ಹೊರಗಿನ ಬಣ್ಣದ ಮೇಲೆ ಅದರ ಗುರುತೂ ಕಾಣುವುದಿಲ್ಲ. ಹೆಸರಾಂತ ಕಂಪನಿಯ ಫ್ರೇಮಾದರೆ ಯಾವ ಭಾಗಕ್ಕೆ ಯಾವ ಅಳತೆ, ಯಾವ ಬೋಲ್ಟಿಗೆ ಎಷ್ಟು ಬಿಗಿ ಎಂಬ ಪುಸ್ತಿಕೆ ಜೊತೆಗೇ ಬರುತ್ತದೆ. ಹೆಸರಿಲ್ಲದ ಫ್ರೇಮಿನ ಜೊತೆ ಬರುವುದು ಹೆಚ್ಚೆಂದರೆ ಒಂದು ರೇಖಾಚಿತ್ರ, ಕೆಲವೊಮ್ಮೆ ಅದೂ ಇಲ್ಲ. ಆದ್ದರಿಂದ ಆ ಪುಸ್ತಿಕೆಯನ್ನು ಕಟ್ಟುವವರೇ ಬರೆದುಕೊಳ್ಳಬೇಕು: ಪ್ರತಿಯೊಂದು ಕೂಡುಜಾಗವನ್ನು ಅಳೆದು, ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ದಾಖಲಿಸಿ, ಆಮೇಲೆ ಬೋಲ್ಟನ್ನು ಮುಟ್ಟಬೇಕು. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ವಿಸ್ತರಣೆ.

ಬಿರುಕಿನ ತಪಾಸಣೆ ಎಲ್ಲಕ್ಕಿಂತ ಮೊದಲು

ಸಪ್ಪಳದ ಕಾರಣ ಬಿರುಕಾಗಿರುವ ಸಂಭವ ಕಡಿಮೆ. ಆದರೂ ಆ ಒಂದು ಕಾರಣ ಮಾತ್ರ ಸವಾರನನ್ನು ನೆಲಕ್ಕೆ ಕೆಡವಬಲ್ಲದು, ಹಾಗಾಗಿ ಅದನ್ನು ಹೊರಗಿಡದೆ ಮುಂದಿನ ಹೆಜ್ಜೆ ಇಡಬಾರದು. ಬೈಕನ್ನು ನೀರಿನಲ್ಲಿ ಒರೆಸಿ ಒಣಗಿಸಿ, ಕತ್ತಲೆ ಕೋಣೆಯಲ್ಲಿ ಟಾರ್ಚಿನ ಬೆಳಕನ್ನು ಕೊಳವೆಗೆ ತೀರ ಓರೆಯಾಗಿ ಹಿಡಿದು, ಬಾಟಮ್ ಬ್ರಾಕೆಟ್ಟಿನ (ಕ್ರ್ಯಾಂಕ್ ತಿರುಗುವ ಬೇರಿಂಗುಗಳ ಜಾಗದ) ಸುತ್ತ, ಅಲ್ಲಿಂದ ಹಿಂದಿನ ಚಕ್ರಕ್ಕೆ ಹೋಗುವ ಚೈನ್‌ಸ್ಟೇಗಳ ಬುಡ, ಸೀಟ್ ಟ್ಯೂಬಿನ ಮೇಲ್ತುದಿ, ಹ್ಯಾಂಡಲ್ ಕೆಳಗಿನ ಹೆಡ್ ಟ್ಯೂಬಿನ ಕೆಳಭಾಗಗಳನ್ನು ನಿಧಾನವಾಗಿ ನೋಡಬೇಕು. ಅನುಮಾನದ ಗೆರೆ ಕಂಡಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ. ಮೇಲ್ಮೈ ಕ್ಷಣದಲ್ಲಿ ಆರುತ್ತದೆ. ಗೆರೆ ಬಿರುಕಾಗಿದ್ದರೆ ಅದರೊಳಗೆ ಇಳಿದ ದ್ರವ ಇನ್ನಷ್ಟು ಹೊತ್ತು ಕಪ್ಪಗೆ ಉಳಿಯುತ್ತದೆ. ಉಗುರಿಗೆ ಸಿಕ್ಕುವ ಗೆರೆ, ಹತ್ತಿಯ ಎಳೆ ಹಿಡಿದುಕೊಳ್ಳುವ ಗೆರೆ ಎರಡೂ ಬರೀ ಬಣ್ಣದ ಗೀರಲ್ಲ.

ಅನಂತರ ನಾಣ್ಯದ ಪರೀಕ್ಷೆ. ಐದು ರೂಪಾಯಿಯ ನಾಣ್ಯದ ಅಂಚಿನಿಂದ ಕೊಳವೆಯ ಉದ್ದಕ್ಕೂ ಹಗುರವಾಗಿ ತಟ್ಟುತ್ತ ಹೋದರೆ ಗಟ್ಟಿ ಪದರ 'ಟಣ್' ಎನ್ನುತ್ತದೆ, ಪದರ ಬಿಟ್ಟ ಜಾಗ 'ಡಬ್' ಎಂದು ಮಂಕಾಗಿ ಕೇಳುತ್ತದೆ. ಆದರೆ ಕೂಡುಜಾಗಗಳ ಹತ್ತಿರ ಗೋಡೆ ದಪ್ಪವಾಗಿರುವುದರಿಂದ ದನಿ ಸಹಜವಾಗಿಯೇ ಬದಲಾಗುತ್ತದೆ, ಹೀಗಾಗಿ ಎಡ ಚೈನ್‌ಸ್ಟೇಯ ಒಂದು ಜಾಗವನ್ನು ಬಲ ಚೈನ್‌ಸ್ಟೇಯ ಅದೇ ಜಾಗದ ಜೊತೆಗೆ ಹೋಲಿಸಬೇಕೇ ಹೊರತು ಕೊಳವೆಯ ನಡುವಿನ ದನಿಯನ್ನು ತುದಿಯ ದನಿಯ ಜೊತೆಗಲ್ಲ. ಬಣ್ಣದ ಕೆಳಗೆ ಅಡಗಿದ ಎಲ್ಲ ದೋಷವನ್ನೂ ನಾಣ್ಯ ಹಿಡಿಯುವುದಿಲ್ಲ ಎಂಬ ಎಚ್ಚರವೂ ಇರಲಿ.

ಫೋರ್ಕನ್ನು ಕಳಚಿ, ಅದರಿಂದ ಹೆಡ್ ಟ್ಯೂಬಿನೊಳಗೆ ಏರುವ ಸ್ಟೀರರ್ ಕೊಳವೆಯನ್ನು ಫೋರ್ಕಿನ ಕವಲಾದ ಕ್ರೌನಿನಿಂದ ಹ್ಯಾಂಡಲ್ ಹಿಡಿಯುವ ಸ್ಟೆಮ್ಮಿನವರೆಗೆ ನೋಡುವುದನ್ನು ಯಾರೂ ತಪ್ಪಿಸಬಾರದು. ಅಲ್ಲಿ ಅಡ್ಡಗೆರೆ ಕಂಡರೆ ಚರ್ಚೆಗೆ ಜಾಗವಿಲ್ಲ: ಫೋರ್ಕ್ ಬದಲಿಸಬೇಕು, ಆ ಬೈಕನ್ನು ಮನೆಯ ಮುಂದಿನ ರಸ್ತೆಗೂ ಇಳಿಸಬಾರದು. ಫ್ರೇಮಿನ ಮೇಲೆ ಯುಸಿಐ (ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ) ಚೀಟಿ ಇದೆ ಎಂದು ಸಮಾಧಾನಪಡುವವರಿದ್ದಾರೆ. 2011ರಿಂದ ಬಂದ ಆ ಚೀಟಿ ಸ್ಪರ್ಧೆಯ ನಿಯಮಕ್ಕೆ ಫ್ರೇಮಿನ ಆಕಾರ, ಅಳತೆಗಳು ಹೊಂದುತ್ತವೆಯೇ ಎಂಬುದಕ್ಕೆ ಸಂಬಂಧಿಸಿದ್ದು, ಗಟ್ಟಿತನದ ಪ್ರಮಾಣಪತ್ರವಲ್ಲ. ಗಟ್ಟಿತನಕ್ಕೆ ಕೇಳಬೇಕಾದದ್ದು ಐಎಸ್‌ಒ 4210 ಮಾನಕದ ಪ್ರಕಾರ ನಡೆಸಿದ ಪರೀಕ್ಷೆಯ ವರದಿ, ಅದೂ ನೀವು ಕೊಂಡ ಅದೇ ಅಚ್ಚಿನ ಫ್ರೇಮಿನದು.

ಲಯ ಕೇಳಿ ಜಾಗ ಕಿರಿದಾಗಿಸುವುದು

ಕಾರ್ಬನ್ ಫ್ರೇಮಿನ ಒಳಗೆಲ್ಲ ಟೊಳ್ಳು. ಒಂದು ಮೂಲೆಯಲ್ಲಿ ಹುಟ್ಟಿದ ಸಪ್ಪಳ ಗೋಡೆಗಳ ಮೂಲಕ ಹರಿದು ಮತ್ತೊಂದು ಮೂಲೆಯಲ್ಲಿ ದೊಡ್ಡದಾಗಿ ಕೇಳುತ್ತದೆ. ಸೀಟ್‌ಪೋಸ್ಟಿನ ಕಿರುಗುಟ್ಟುವಿಕೆಯೂ ಹಿಂದಿನ ಆಕ್ಸಲ್ಲಿನ ಸಪ್ಪಳವೂ ಸವಾರನ ಕಿವಿಗೆ ಬಾಟಮ್ ಬ್ರಾಕೆಟ್ಟಿನಿಂದಲೇ ಬಂದಂತೆ ಕೇಳುತ್ತವೆ. ಆದ್ದರಿಂದ ಸಪ್ಪಳ ಎಲ್ಲಿಂದ ಬಂತು ಎನ್ನುವುದಕ್ಕಿಂತ ಯಾವಾಗ ಬಂತು ಎನ್ನುವುದನ್ನು ಮೊದಲು ಗಮನಿಸಬೇಕು.

ಮುಂದಿನ 50 ಹಲ್ಲಿನ ರಿಂಗ್, ಹಿಂದಿನ 25 ಹಲ್ಲಿನ ಗೇರಿನಲ್ಲಿ ಕ್ರ್ಯಾಂಕ್ ಒಂದು ಸುತ್ತು ಬಂದರೆ ಚಕ್ರ ಎರಡು ಸುತ್ತು ಬರುತ್ತದೆ. ಕ್ರ್ಯಾಂಕಿನ ಪ್ರತಿ ಸುತ್ತಿಗೆ ಒಂದೇ ಸಪ್ಪಳ, ಅದೂ ಬಲಗಾಲು ಮುಂದೆ ಬಂದಾಗಲೇ ಎನ್ನುವುದಾದರೆ ದೋಷ ಪೆಡಲ್, ಕ್ಲೀಟ್ (ಬೂಟಿನ ಅಡಿಯಲ್ಲಿದ್ದು ಪೆಡಲಿಗೆ ಸಿಕ್ಕಿಕೊಳ್ಳುವ ತುಂಡು), ಕ್ರ್ಯಾಂಕ್ ತೋಳು, ರಿಂಗಿನ ಬೋಲ್ಟ್, ಬಾಟಮ್ ಬ್ರಾಕೆಟ್ ಈ ಸಾಲಿನಲ್ಲಿದೆ. ಎರಡು ಸಲ ಬಂದರೆ ಗೇರ್ ಬದಲಿಸಿ ನೋಡಿ: ಲಯ ಕಾಲಿನ ಜೊತೆಗೇ ಉಳಿದರೆ ಎಡ-ಬಲ ಎರಡೂ ತುಳಿತಕ್ಕೆ ಸಪ್ಪಳ ಬರುತ್ತಿದೆ ಎಂದರ್ಥ, ಚಕ್ರದ ವೇಗದ ಜೊತೆ ಬದಲಾದರೆ ಹಬ್, ಕಡ್ಡಿ ಅಥವಾ ಡಿಸ್ಕಿನ ಕಡೆ ನೋಡಬೇಕು. ಕ್ರ್ಯಾಂಕಿನ ಎರಡು ಸುತ್ತು ಮತ್ತು ಸ್ವಲ್ಪಕ್ಕೆ ಒಮ್ಮೆ 'ಟಕ್' ಎಂದರೆ ಚೈನಿನಲ್ಲಿ ಒಂದು ಕೊಂಡಿ ಬಿಗಿಯಾಗಿದೆ; 110 ಕೊಂಡಿಯ ಚೈನ್ 50 ಹಲ್ಲಿನ ರಿಂಗಿನ ಮೇಲೆ ಪೂರ್ತಿ ಹಾಯಲು 2.2 ಸುತ್ತು ಬೇಕು, 34ರ ರಿಂಗಿಗೆ ಮೂರು ಸುತ್ತು ದಾಟುತ್ತದೆ. ಇಷ್ಟು ಲೆಕ್ಕ ಗೊತ್ತಿದ್ದರೆ ಒಂದೇ ಒಂದು ಬೋಲ್ಟ್ ಬಿಚ್ಚದೆ ಅರ್ಧ ಕಾರಣಗಳನ್ನು ಪಕ್ಕಕ್ಕಿಡಬಹುದು.

ಇದೇ ಸವಾರಿಯಲ್ಲಿ ಇನ್ನೆರಡು ಪ್ರಯೋಗ ಮಾಡಿ. ಸೀಟಿನಿಂದ ಎದ್ದು ನಿಂತು ತುಳಿದಾಗ ಸಪ್ಪಳ ನಿಂತರೆ ಸೀಟ್, ಅದರ ಹಳಿ, ಸೀಟ್‌ಪೋಸ್ಟ್ ಈ ಮೂರರಲ್ಲೇ ದೋಷವಿದೆ. ಹ್ಯಾಂಡಲ್ ಮೇಲೆ ಕೈ ಹಗುರ ಬಿಟ್ಟಾಗ ನಿಂತರೆ ಸ್ಟೆಮ್ ಅಥವಾ ಫೋರ್ಕ್ ತಿರುಗುವ ಬೇರಿಂಗುಗಳಾದ ಹೆಡ್‌ಸೆಟ್. ಸಿಮೆಂಟ್ ಲಾರಿಗಳು ಕೆಡಿಸಿದ ಸೇಡಂ ರಸ್ತೆಯಂಥ ಕಡೆ ತುಳಿಯದೆ ಹೋಗುವಾಗಲೂ ಕೊಳವೆಯೊಳಗೆ ಟಕಟಕ ಎನ್ನುತ್ತಿದ್ದರೆ ಅದು ಒಳಗೆ ಹಾಯಿಸಿದ ಕೇಬಲ್ ಗೋಡೆಗೆ ಬಡಿಯುವ ದನಿ. ಕೇಬಲ್ಲಿಗೆ ಫೋಮಿನ ಕೊಳವೆ ತೊಡಿಸಿದರೆ ಮುಗಿಯಿತು, ಅದಕ್ಕಾಗಿ ಚಿಂತೆ ಬೇಡ.

ಮನೆಗೆ ಬಂದು ಬೈಕನ್ನು ಗೋಡೆಗೆ ಆನಿಸಿ, ಮುಂದಿನ ಬ್ರೇಕ್ ಹಿಡಿದು, ಕ್ರ್ಯಾಂಕುಗಳನ್ನು ಅಡ್ಡಕ್ಕೆ ನಿಲ್ಲಿಸಿ ಒಂದು ಪೆಡಲಿನ ಮೇಲೆ ಮೈಭಾರ ಹಾಕಿ. ಹೆಚ್ಚಿನ ಸಪ್ಪಳಗಳು ಹೀಗೆ ನಿಂತಲ್ಲೇ ಮರುಕಳಿಸುತ್ತವೆ. ಜೊತೆಗೊಬ್ಬರಿದ್ದರೆ ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಇಟ್ಟು, ತುದಿಯನ್ನು ಲೋಹದ ಭಾಗಗಳಿಗೆ ಮಾತ್ರ ತಾಗಿಸಿ ಕೇಳಲಿ: ಬಾಟಮ್ ಬ್ರಾಕೆಟ್ಟಿನ ಕಪ್ (ಬೇರಿಂಗನ್ನು ಹಿಡಿದಿರುವ ಬಟ್ಟಲು), ಆಕ್ಸಲ್ಲಿನ ತಲೆ, ಹ್ಯಾಂಗರ್ (ಗೇರ್ ಬದಲಿಸುವ ಭಾಗ ತೂಗುವ ಸಣ್ಣ ತುಂಡು), ಸೀಟ್ ಕ್ಲ್ಯಾಂಪ್. ಕಾರ್ಬನ್ ಕೊಳವೆಗೆ ತುದಿ ಹಚ್ಚಿದರೆ ಎಲ್ಲ ಕಡೆಯೂ ಒಂದೇ ದನಿ ಕೇಳುತ್ತದೆ, ಬಣ್ಣಕ್ಕೂ ಗೀರು ಬೀಳುತ್ತದೆ.

ಸುಲಭದ ಜಾಗಗಳು

ಬಾಟಮ್ ಬ್ರಾಕೆಟ್ ಬಿಚ್ಚುವ ಮೊದಲು ಕೈಗೆಟಕುವ ಜಾಗಗಳನ್ನು ಮುಗಿಸಿಕೊಳ್ಳಬೇಕು. ಪೆಡಲುಗಳನ್ನು ಕಳಚಿ, ದಾರವನ್ನು (ತಿರುಪಿನ ಗೆರೆಗಳನ್ನು, ಅಂದರೆ ಥ್ರೆಡ್) ಒರೆಸಿ, ಗ್ರೀಸ್ ಹಚ್ಚಿ ಮತ್ತೆ ಹಾಕಿ. ಎಡ ಪೆಡಲಿನ ದಾರ ಉಲ್ಟಾ ಎಂಬುದು ನೆನಪಿರಲಿ. ಕ್ಲೀಟಿನ ಬೋಲ್ಟುಗಳು 5ರಿಂದ 6 ನ್ಯೂಟನ್ ಮೀಟರ್ (ಬಿಗಿಯ ಅಳತೆ), ಕ್ಯಾಸೆಟ್ಟಿನ (ಹಿಂದಿನ ಹಲ್ಲುಚಕ್ರಗಳ ಗೊಂಚಲಿನ) ಲಾಕ್‌ರಿಂಗ್ 40 ನ್ಯೂಟನ್ ಮೀಟರ್. ಶಿಮಾನೊ ಮಾದರಿಯ ಕ್ರ್ಯಾಂಕಿನಲ್ಲಿ ಎಡತೋಳಿನ ಎರಡು ಬೋಲ್ಟುಗಳನ್ನು ಒಂದಾದ ಮೇಲೊಂದು ಸರದಿಯಂತೆ 12ರಿಂದ 14ಕ್ಕೆ ತರಬೇಕು, ತುದಿಯ ಪ್ಲಾಸ್ಟಿಕ್ ಮುಚ್ಚಳಕ್ಕೆ ಬೆರಳಿನ ಬಿಗಿ ಸಾಕು. ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ರೆಂಚ್ ಇಲ್ಲದೆ ಕಾರ್ಬನ್ ಬೈಕ್ ಕಟ್ಟಲು ಕೂಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಫ್ರೇಮಿಗೆ ಖರ್ಚು ಮಾಡಿದವರು ರೆಂಚಿಗೆ ಕೈ ಬಿಗಿ ಹಿಡಿಯುವುದು ಸರಿಯಲ್ಲ.

ಸೀಟ್‌ಪೋಸ್ಟಿಗೆ ಸ್ವಲ್ಪ ಹೆಚ್ಚು ಗಮನ ಕೊಡಿ. ಪೋಸ್ಟಿನ ವ್ಯಾಸ 27.2 ಮಿ.ಮೀ. ಎಂದು ಬರೆದಿದ್ದರೂ ಫ್ರೇಮಿನ ಒಳವ್ಯಾಸ ಹಾಗೆಯೇ ಇರುತ್ತದೆಂಬ ಖಾತ್ರಿಯಿಲ್ಲ. ಕ್ಲ್ಯಾಂಪ್ ಸಡಿಲಿಸಿ ಪೋಸ್ಟನ್ನು ಅತ್ತಿತ್ತ ಅಲುಗಿಸಿದಾಗ ಅದು ಲೊಡಲೊಡ ಎಂದು ಆಡಿದರೆ, ಎಷ್ಟು ಬಿಗಿದರೂ ಕೆಳತುದಿ ಕೊಳವೆಯೊಳಗೆ ಉಜ್ಜುತ್ತಲೇ ಇರುತ್ತದೆ. ಒಳಗಿನ ದೂಳು ಒರೆಸಿ, ಗ್ರೀಸ್ ಹಚ್ಚದೆ, ಮರಳಿನಂಥ ಕಣಗಳಿರುವ ಕಾರ್ಬನ್ ಪೇಸ್ಟ್ ಹಚ್ಚಿ, 5 ನ್ಯೂಟನ್ ಮೀಟರಿಗೆ ನಿಲ್ಲಿಸಬೇಕು. ಸುರಪುರ, ಶಹಾಪುರದ ಕಾಲುವೆ ಸೀಮೆಯಲ್ಲಿ ಗದ್ದೆಯಿಂದ ಬಂದ ಟ್ರ್ಯಾಕ್ಟರುಗಳು ರಸ್ತೆಗೆ ಕೆಸರು ತರುವ ದಿನಗಳಲ್ಲಿ ಹಿಂದಿನ ಚಕ್ರ ಎರಚುವ ನೀರು ನೇರವಾಗಿ ಕ್ಲ್ಯಾಂಪಿನ ಸೀಳಿಗೇ ಬೀಳುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಪೋಸ್ಟ್ ತೆಗೆದು ಒರೆಸುವುದು ಅಲ್ಲಿಯ ಸವಾರರಿಗೆ ಅನಿವಾರ್ಯ.

ಬಾಟಮ್ ಬ್ರಾಕೆಟ್ ಶೆಲ್

ಮೇಲಿನದೆಲ್ಲ ಮುಗಿದ ಮೇಲೂ ಸಪ್ಪಳ ಉಳಿದರೆ ಈಗ ಕ್ರ್ಯಾಂಕ್ ಕಳಚಬೇಕು. ಹೆಸರಿಲ್ಲದ ಫ್ರೇಮುಗಳಲ್ಲಿ ಎರಡು ಬಗೆಯ ಶೆಲ್ (ಬಾಟಮ್ ಬ್ರಾಕೆಟ್ ಕೂರುವ ಫ್ರೇಮಿನ ಕೊಳವೆ) ಸಾಮಾನ್ಯ. ಒಂದು ದಾರವಿರುವ ಬಿಎಸ್‌ಎ: ಕಾರ್ಬನ್ನಿನೊಳಗೆ ಅಲ್ಯೂಮಿನಿಯಂ ತೋಳನ್ನು, ಅಂದರೆ ಗಿಡ್ಡ ಕೊಳವೆಯನ್ನು, ಅಂಟಿಸಿ, ಅದಕ್ಕೆ ದಾರ ಕೊರೆದಿರುತ್ತಾರೆ, ಅಗಲ 68 ಮಿ.ಮೀ., ಬಲಬದಿಯ ದಾರ ಉಲ್ಟಾ. ಇನ್ನೊಂದು ಪ್ರೆಸ್‌ಫಿಟ್ ಬಿಬಿ86: ಅಗಲ 86.5 ಮಿ.ಮೀ., ಒಳವ್ಯಾಸ 41 ಮಿ.ಮೀ., ದಾರವಿಲ್ಲ, ಕಪ್ಪನ್ನು ಒತ್ತಿ ಕೂರಿಸುವುದಷ್ಟೆ.

ದಾರದ ಶೆಲ್ಲಿನಲ್ಲಿ ಕಪ್ಪುಗಳನ್ನು ತೆಗೆದು, ದಾರ ತೊಳೆದು, ದಾರ ಕಚ್ಚಿಕೊಳ್ಳದಂತೆ ತಡೆಯುವ ಆ್ಯಂಟಿ-ಸೀಜ್ ಲೇಪ ಹಚ್ಚಿ 35ರಿಂದ 50 ನ್ಯೂಟನ್ ಮೀಟರಿಗೆ ಬಿಗಿದರೆ ಬಹುತೇಕ ಸಪ್ಪಳ ನಿಲ್ಲುತ್ತದೆ. ನಿಲ್ಲದಿದ್ದರೆ ಅಂಟು ಬಿಟ್ಟಿರಬಹುದು. ಅಲ್ಯೂಮಿನಿಯಂ ತೋಳಿನ ಅಂಚಿನಿಂದ ಕಾರ್ಬನ್ನಿಗೆ ಹಾಯುವಂತೆ ಬಿಳಿ ಪೆನ್ಸಿಲಿನಿಂದ ಸಣ್ಣ ಗೆರೆ ಎಳೆದು, ಒಂದು ಜೋರಾದ ಸವಾರಿ ಮುಗಿಸಿ ಬಂದು ನೋಡಿ. ಗೆರೆಯ ಎರಡು ತುಂಡುಗಳು ಒಂದಕ್ಕೊಂದು ಸರಿದಿದ್ದರೆ ತೋಳು ಕಾರ್ಬನ್ನಿನೊಳಗೆ ತಿರುಗುತ್ತಿದೆ. ಇದು ಮನೆಯ ಕೆಲಸವಲ್ಲ, ಮಾರಿದವರಿಗೆ ಫೋಟೊ ಸಮೇತ ಬರೆದು ಫ್ರೇಮ್ ಬದಲಿಸಿಕೊಳ್ಳುವುದೇ ಸರಿಯಾದ ದಾರಿ.

ಬಿಬಿ86ರ ಕಥೆ ಬೇರೆ, ಅಲ್ಲಿಯೇ ಹೆಚ್ಚು ಜನ ಸೋಲುತ್ತಾರೆ. ಕಪ್ಪನ್ನು ಹೊರಗೆ ತೆಗೆದ ಕೂಡಲೇ ಒರೆಸಬೇಡಿ, ಮೊದಲು ನೋಡಿ. ಕಪ್ಪಿನ ಮೈಮೇಲೆ ಕೊಳೆ ಸುತ್ತಲೂ ಸಮನಾಗಿ ಹರಡಿದ್ದರೆ ಕಪ್ ಎಲ್ಲ ಕಡೆಯೂ ಸಮನಾಗಿ ಕೂತಿತ್ತು ಎಂದರ್ಥ. ಒಂದು ಮಗ್ಗುಲು ಮಾತ್ರ ಕನ್ನಡಿಯ ಹೊಳಪಿಗೆ ಉಜ್ಜಿ, ಎದುರು ಮಗ್ಗುಲಲ್ಲಿ ಬೂದು ಪುಡಿಯೂ ಎರೆಮಣ್ಣಿನ ಕಪ್ಪು ದೂಳೂ ಸೇರಿ ಹಿಟ್ಟಿನಂತೆ ಮೆತ್ತಿಕೊಂಡಿದ್ದರೆ ಇನ್ನೊಂದು ಅರ್ಥ. ಎರಡನೆಯದು ಕಪ್ ಶೆಲ್ಲಿನೊಳಗೆ ಒಂದೇ ಕಡೆ ಆನಿಕೊಂಡು, ಪ್ರತಿ ತುಳಿತಕ್ಕೂ ಕೊಂಚ ಜಾರುತ್ತಿತ್ತು ಎಂಬುದರ ಗುರುತು. ಅಲ್ಯೂಮಿನಿಯಂ ಕಪ್ಪಿನ ಮೇಲೆ ಬಿಳಿ ಪುಡಿ ಕಂಡರೆ ಬೆವರು, ನೀರು ಇಳಿದು ಲೋಹ ಕಾರ್ಬನ್ನಿನ ಸಂಪರ್ಕದಲ್ಲಿ ಸವೆಯುತ್ತಿದೆ ಎಂದು ತಿಳಿಯಬೇಕು. ಆ ಹೊಳಪಿನ ಜಾಗ ಶೆಲ್ಲಿನ ಯಾವ ದಿಕ್ಕಿಗಿತ್ತು ಎಂಬುದನ್ನು ಗುರುತು ಹಾಕಿಕೊಂಡು ಫೋಟೊ ತೆಗೆದಿಟ್ಟ ಮೇಲೆ ಒರೆಸಿ.

ಈಗ ಅಳತೆ. ವರ್ನಿಯರಿನ ಒಳ ಚುಂಚುಗಳ ಅಂಚಿಗೆ ಸ್ವಲ್ಪ ಅಗಲವಿರುವುದರಿಂದ ಗುಂಡು ತೂತಿನಲ್ಲಿ ಅದು ನಿಜಕ್ಕಿಂತ ಕಡಿಮೆಯನ್ನೇ ತೋರಿಸುತ್ತದೆ, ಜೊತೆಗೆ ನಮಗೆ ಬೇಕಾದದ್ದು ಮಿಲಿಮೀಟರಿನ ನೂರನೆಯ ಭಾಗದ ಲೆಕ್ಕ. ಅದಕ್ಕೆ ಡಯಲ್ ಬೋರ್ ಗೇಜ್ ಬೇಕು. ಸೈಕಲ್ ಅಂಗಡಿಗಳಲ್ಲಿ ಅದು ಸಿಗುವುದಿಲ್ಲ, ಆದರೆ ಟ್ರ್ಯಾಕ್ಟರ್ ಮತ್ತು ಮೋಟಾರ್ ಸೈಕಲ್ ಇಂಜಿನ್ನುಗಳಿಗೆ ಬೋರ್ ಹೊಡೆಯುವ ಲೇತ್ ಅಂಗಡಿಗಳಲ್ಲಿ ಅದು ದಿನನಿತ್ಯದ ಸಾಧನ. 35ರಿಂದ 60 ಮಿ.ಮೀ. ಅಳೆಯುವ ಗೇಜ್ ಇದೆಯೇ ಎಂದು ಕೇಳಿ. ಕಲಬುರಗಿಯ ಅಂಥದೊಂದು ಅಂಗಡಿಯಲ್ಲಿ ಗೆಳೆಯನೊಬ್ಬನ ಫ್ರೇಮನ್ನು ಬಟ್ಟೆ ಸುತ್ತಿ ಮೇಜಿನ ಮೇಲೆ ಮಲಗಿಸಿದಾಗ, ಮಿಸ್ತ್ರಿ ಗೇಜನ್ನು ಶೆಲ್ಲಿನೊಳಗೆ ಇಳಿಸಿ ನಿಧಾನವಾಗಿ ತಿರುಗಿಸಿ, ಮುಳ್ಳು ಸರಿದದ್ದನ್ನು ನನಗೂ ತೋರಿಸಿ, "ಗುಂಡಗಿಲ್ರಿ ಸರ್, ಜರಾ ತತ್ತಿಗತೆ ಆಗ್ಯದ" ಎಂದರು. ಮೇಲೆ-ಕೆಳಗೆ 41.02, ಮುಂದೆ-ಹಿಂದೆ 41.11. ಇಂಜಿನ್ ಬೋರಿನ ಸವೆತ ನೋಡಿ ನೋಡಿ ಪಳಗಿದ ಕಣ್ಣಿಗೆ ಸೈಕಲ್ಲಿನ ದೋಷ ಹಿಡಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಎಡ-ಬಲ ಎರಡೂ ಬದಿಗಳಲ್ಲಿ, ಪ್ರತಿ ಬದಿಯಲ್ಲೂ ಅಂಚಿನಲ್ಲೊಮ್ಮೆ ಒಳಗೊಮ್ಮೆ, ಪ್ರತಿ ಸಲವೂ ಎರಡು ದಿಕ್ಕಿಗೆ ಅಳೆಸಿ ಬರೆದುಕೊಳ್ಳಿ. ಅಲ್ಲೇ ಮೈಕ್ರೋಮೀಟರಿನಿಂದ ಕಪ್ಪಿನ ಹೊರವ್ಯಾಸವನ್ನೂ ಅಳೆಸಿ. ಕಪ್ ಶೆಲ್ಲಿಗಿಂತ ತುಸು ದಪ್ಪವಿರಬೇಕು, ಒತ್ತಿದಾಗ ಬಿಗಿಯಾಗಿ ಇಳಿಯಬೇಕು. ಕೈಯಿಂದ ನೂಕಿದರೆ ಇಳಿಯುವ ಕಪ್ ಸಪ್ಪಳ ಮಾಡಿಯೇ ಮಾಡುತ್ತದೆ.

ಅಳೆಯುವ ಮೊದಲು ಶೆಲ್ಲಿನ ಒಳಗೆ ಬಣ್ಣದ ಹನಿ, ಅಂಟಿನ ಗಂಟು, ಅಚ್ಚಿನ ಎಳೆಗಳು ಉಳಿದಿವೆಯೇ ಎಂದು ಬೆರಳಾಡಿಸಿ ನೋಡಬೇಕು. ಅವನ್ನು ನಯವಾದ ಉಜ್ಜುಕಾಗದದಿಂದ, ನೀರು ಹಚ್ಚಿ, ಎದ್ದ ಜಾಗವನ್ನಷ್ಟೇ ತೆಗೆಯಿರಿ. ಕಾರ್ಬನ್ನಿನ ಪುಡಿ ಪುಪ್ಪುಸಕ್ಕೆ ಹಾನಿಕರ, ಮುಖಕ್ಕೆ ಮಾಸ್ಕ್ ಇರಲಿ. ಇಡೀ ಗೋಡೆಯನ್ನು ಉಜ್ಜಲು ಹೊರಟರೆ ಇದ್ದ ಬಿಗಿಯೂ ಹೋಗುತ್ತದೆ.

ವ್ಯಾಸ ಸರಿಯಿದ್ದೂ ಎರಡು ಬದಿಯ ತೂತುಗಳು ಒಂದೇ ನೇರಕ್ಕೆ ಇಲ್ಲದಿರಬಹುದು. ಕಪ್ಪುಗಳನ್ನು ಕೂರಿಸಿ ಬಲ ಕ್ರ್ಯಾಂಕಿನ 24 ಮಿ.ಮೀ. ಸ್ಪಿಂಡಲನ್ನು ತೂರಿಸಿದಾಗ ಅದು ಎಡ ಬೇರಿಂಗಿನ ನಡುವಿಗೆ ಬಾರದೆ ಒಂದು ಬದಿಗೆ ತಾಗಿ ನಿಂತರೆ, ಅಥವಾ ಚೈನ್ ಇಲ್ಲದೆ ತಿರುಗಿಸಿದಾಗ ಕ್ರ್ಯಾಂಕ್ ಒಂದು ಜಾಗದಲ್ಲಿ ಹಿಡಿದರೆ ಇದೇ ಕಾರಣ. ಶೆಲ್ಲಿನ ಮುಖ ತೂತಿಗೆ ಲಂಬವಾಗಿ ನೆಟ್ಟಗಿದೆಯೇ ಎಂದು ನೋಡಲು ಟ್ಯಾಪೆಟ್ ಸೆಟ್ ಮಾಡುವ ಫೀಲರ್ ಗೇಜ್ ಸಾಕು: ಕಪ್ಪಿನ ಅಂಚು ಶೆಲ್ಲಿನ ಮುಖಕ್ಕೆ ಕೂತ ಮೇಲೆ 0.05 ಮಿ.ಮೀ. ದಪ್ಪದ ಎಲೆ ಒಂದು ಕಡೆ ಮಾತ್ರ ಒಳಗೆ ಹೋದರೆ ಮುಖ ಓರೆಯಾಗಿದೆ.

ಬೇಸಿಗೆಯಲ್ಲಿ ಸುಮ್ಮನಿದ್ದದ್ದು ಚಳಿಯಲ್ಲಿ ಎದ್ದರೆ

ನಮ್ಮ ಭಾಗದ ಹವೆಗೆ ಸೇರಿದ ಒಂದು ಗೊಂದಲವನ್ನು ಇಲ್ಲಿ ವಿವರಿಸಲೇಬೇಕು. ಏಪ್ರಿಲಿನ ಕಲಬುರಗಿಯಲ್ಲಿ ಸದ್ದಿಲ್ಲದೆ ಓಡಿದ ಬೈಕ್ ಡಿಸೆಂಬರಿನ ಬೀದರಿನ ನಸುಕಿನಲ್ಲಿ ಕಿರುಗುಟ್ಟುತ್ತದೆ, ಬಿಸಿಲೇರಿದ ಮೇಲೆ ತಾನೇ ಸುಮ್ಮನಾಗುತ್ತದೆ. ಅಲ್ಯೂಮಿನಿಯಂ ಒಂದು ಡಿಗ್ರಿಗೆ ತನ್ನ ಅಳತೆಯ ಹತ್ತು ಲಕ್ಷದಲ್ಲಿ 23 ಪಾಲಿನಷ್ಟು ಹಿಗ್ಗುತ್ತದೆ. 42 ಡಿಗ್ರಿಯ ಮಧ್ಯಾಹ್ನಕ್ಕೂ 12 ಡಿಗ್ರಿಯ ಬೆಳಗಿಗೂ 30 ಡಿಗ್ರಿಯ ಅಂತರ. ಅಷ್ಟರಲ್ಲಿ 41 ಮಿ.ಮೀ. ಅಲ್ಯೂಮಿನಿಯಂ ಕಪ್ ಸುಮಾರು 0.028 ಮಿ.ಮೀ. ಕುಗ್ಗುತ್ತದೆ. ಕಾರ್ಬನ್ ಶೆಲ್ ಕುಗ್ಗುವುದು ಅದರ ಹತ್ತನೆಯ ಒಂದು ಪಾಲಿನ ಆಸುಪಾಸು. ಕಪ್ಪಿನ ಬಿಗಿಯೇ ನೂರನೆಯ ಭಾಗಗಳ ಲೆಕ್ಕದಲ್ಲಿರುವಾಗ ಇಷ್ಟು ಕುಗ್ಗಿದರೆ ಬೇಸಿಗೆಯಲ್ಲಿ ಬಿಗಿಯಿದ್ದ ಕಪ್ ಚಳಿಯಲ್ಲಿ ಸಡಿಲವಾಗುವುದು ಸಹಜ.

ಈ ಲೆಕ್ಕದಿಂದ ಎರಡು ಕ್ರಮಗಳು ಹುಟ್ಟುತ್ತವೆ. ಸಪ್ಪಳದ ಜೊತೆಗೆ ಆ ಹೊತ್ತಿನ ಬಿಸಿಯನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಬೆಳಿಗ್ಗೆ ಮಾತ್ರ ಬರುವ ಸಪ್ಪಳ ಶೆಲ್ಲಿನ ಸಡಿಲವನ್ನು ಬಲವಾಗಿ ಸೂಚಿಸುತ್ತದೆ. ಮತ್ತೆ, ಅಳತೆಗೆ ಮೊದಲು ಫ್ರೇಮ್ ಮತ್ತು ಕಪ್ ಎರಡನ್ನೂ ಒಂದೇ ಕೋಣೆಯ ನೆರಳಿನಲ್ಲಿ ಕೆಲವು ಗಂಟೆ ಬಿಡಿ. ಬಿಸಿಲಲ್ಲಿ ನಿಂತ ಆಟೊದಿಂದ ಇಳಿಸಿದ ಫ್ರೇಮಿಗೆ ಫ್ಯಾನ್ ಕೆಳಗಿನ ಕಪ್ಪನ್ನು ಹೋಲಿಸಿದರೆ ಅಂಕಿಗಳಿಗೆ ಅರ್ಥವಿರುವುದಿಲ್ಲ.

ಸಡಿಲ ಖಚಿತವಾದ ಮೇಲೆ

ವ್ಯಾಸದಲ್ಲಿ ಮಿಲಿಮೀಟರಿನ ಹತ್ತನೆಯ ಒಂದು ಭಾಗದವರೆಗಿನ ಸಡಿಲಕ್ಕೆ ಬೇರಿಂಗ್ ಹಿಡಿಸುವ ದ್ರವ, ಅಂದರೆ ರಿಟೇನಿಂಗ್ ಕಾಂಪೌಂಡ್, ಒಳ್ಳೆಯ ಪರಿಹಾರ. ಇದನ್ನು ಬಳಸುವಾಗ ಒಂದು ಸಂಗತಿಯನ್ನು ಬಹಳ ಜನ ಗಮನಿಸುವುದಿಲ್ಲ. ಈ ದ್ರವ ಗಟ್ಟಿಯಾಗಲು ಗಾಳಿ ಇರಬಾರದು, ಲೋಹದ ಸಂಪರ್ಕ ಇರಬೇಕು. ಪ್ಲಾಸ್ಟಿಕ್ ಕಪ್, ಕಾರ್ಬನ್ ಶೆಲ್ ಇವೆರಡರ ನಡುವೆ ಲೋಹವೇ ಇಲ್ಲ, ಹಾಗಾಗಿ ಬರಿದೇ ಹಚ್ಚಿದರೆ ಅದು ದಿನಗಟ್ಟಲೆ ಎಣ್ಣೆಯಂತೆಯೇ ಉಳಿಯುತ್ತದೆ, ಸಪ್ಪಳ ಎರಡು ಸವಾರಿಗೆ ಮರೆಯಾಗಿ ಮತ್ತೆ ಬರುತ್ತದೆ. ಅದಕ್ಕೆಂದೇ ಇರುವ ಪ್ರೈಮರನ್ನು ಮೊದಲು ಹಚ್ಚಬೇಕು. ಕೆಲವು ಪ್ಲಾಸ್ಟಿಕ್ಕುಗಳನ್ನು ಈ ದ್ರವ ತಿನ್ನುವುದರಿಂದ ಕಪ್ ಯಾವುದರದ್ದೆಂದು ಮೊದಲೇ ನೋಡಿಕೊಳ್ಳಬೇಕು. ಸಾಧ್ಯವಾದರೆ ಅಲ್ಯೂಮಿನಿಯಂ ಕಪ್ಪನ್ನೇ ಆರಿಸಿಕೊಳ್ಳಿ.

ಎರಡೂ ಮೈಗಳನ್ನು ಆಲ್ಕೋಹಾಲಿನಿಂದ ಒರೆಸಿ, ಪೂರ್ತಿ ಆರಿದ ಮೇಲೆ ಪ್ರೈಮರ್, ಅದರ ಮೇಲೆ ತೆಳುವಾಗಿ ದ್ರವ, ತಡಮಾಡದೆ ಪ್ರೆಸ್. ಸುತ್ತಿಗೆಯ ಹೆಸರೇ ಎತ್ತಬೇಡಿ. ಉದ್ದ ಬೋಲ್ಟ್, ಎರಡು ದಪ್ಪ ವಾಷರ್, ನಟ್ಟುಗಳಿಂದ ಲೇತ್ ಅಂಗಡಿಯಲ್ಲೇ ಒತ್ತುವ ಸಾಧನ ಮಾಡಿಸಬಹುದು, ಆದರೆ ಒತ್ತಡ ಕಪ್ಪಿನ ಹೊರ ಅಂಚಿಗೆ ಬೀಳಬೇಕೇ ವಿನಾ ಬೇರಿಂಗಿನ ಒಳ ಉಂಗುರಕ್ಕಲ್ಲ. ಒಂದು ದಿನ ಮುಟ್ಟದೆ ಬಿಡಿ. ದ್ರವವನ್ನು ಕೊಳ್ಳುವಾಗ ಮಧ್ಯಮ ಬಿಗಿಯದನ್ನೇ ಕೇಳಿ, ಯಾಕೆಂದರೆ ಅತಿ ಗಟ್ಟಿಯದನ್ನು ಬಿಡಿಸಲು ಲೋಹದ ಯಂತ್ರಗಳಲ್ಲಿ ಮಾಡುವಂತೆ ಬೆಂಕಿಯ ಶಾಖ ಕೊಡಬೇಕಾಗುತ್ತದೆ, ಕಾರ್ಬನ್ನಿನ ಎಪಾಕ್ಸಿ ಅದನ್ನು ತಡೆಯುವುದಿಲ್ಲ.

ತೂತುಗಳು ನೇರಕ್ಕಿಲ್ಲದ ಫ್ರೇಮಿಗೆ, ಅಥವಾ ಸಡಿಲ ಇದಕ್ಕಿಂತ ಹೆಚ್ಚಿದ್ದರೆ, ಎರಡು ಕಪ್ಪುಗಳು ಶೆಲ್ಲಿನ ನಡುವೆ ಒಂದಕ್ಕೊಂದು ದಾರದಿಂದ ಕೂಡಿಕೊಳ್ಳುವ ಬಾಟಮ್ ಬ್ರಾಕೆಟ್ ತರಿಸಬೇಕು. ಎರಡು ಬೇರಿಂಗುಗಳನ್ನು ಒಂದೇ ಕೊಳವೆ ಹಿಡಿದಿಡುವುದರಿಂದ ಶೆಲ್ಲಿನ ಓರೆ ಬೇರಿಂಗಿಗೆ ತಟ್ಟುವುದು ಬಹಳ ಕಡಿಮೆಯಾಗುತ್ತದೆ. ತತ್ತಿಯಾಕಾರದ ಆ ಶೆಲ್ಲಿಗೂ ಕೊನೆಗೆ ಇದನ್ನೇ ಹಾಕಿದೆವು. ಬೆಲೆ ಹೆಚ್ಚು, ಆದರೂ ಅಂಥ ಫ್ರೇಮಿಗೆ ನಾನು ಇದನ್ನೇ ಸೂಚಿಸುತ್ತೇನೆ. ಕಪ್ಪಿಗೆ ಟೇಪು ಸುತ್ತಿ ಒತ್ತುವುದನ್ನೂ ತೆಳು ತಗಡಿನ ತುಂಡು ಸೇರಿಸುವುದನ್ನೂ ನೋಡಿದ್ದೇನೆ. ಟೇಪು ಹರಿದುಹೋಗುತ್ತದೆ, ತಗಡು ಒಂದೇ ಗೆರೆಯ ಮೇಲೆ ಭಾರ ಹೊರಿಸಿ ಶೆಲ್ಲನ್ನು ಸೀಳಲು ದಾರಿ ಮಾಡುತ್ತದೆ.

ಥ್ರೂ ಆಕ್ಸಲ್

ಡಿಸ್ಕ್ ಬ್ರೇಕಿನ ಫ್ರೇಮಿನಲ್ಲಿ ಬಾಟಮ್ ಬ್ರಾಕೆಟ್ ಮೇಲೆ ಬರುವ ಅಪವಾದದಲ್ಲಿ ದೊಡ್ಡ ಪಾಲು, ಚಕ್ರದ ಹಬ್ಬಿನ ಮೂಲಕ ತೂರಿಸಿ ಫ್ರೇಮಿಗೆ ತಿರುಪುವ ಹಿಂದಿನ ಥ್ರೂ ಆಕ್ಸಲ್ಲಿನದು. 12 ಮಿ.ಮೀ. ಆಕ್ಸಲ್ಲುಗಳಿಗೆ 1.0, 1.5, 1.75 ಮಿ.ಮೀ. ಎಂಬ ಮೂರು ದಾರದ ಅಂತರಗಳಿವೆ, ನೋಟಕ್ಕೆ ಒಂದೇ ಥರ. ಮೊದಲ ಎರಡು ಸುತ್ತು ಹತ್ತಿ ಆಮೇಲೆ ಬಿಗಿಯಾಗಿ ನಿಂತರೆ ಬಲ ಹಾಕದೆ ಹೊರತೆಗೆಯಿರಿ, ಇಲ್ಲವಾದರೆ ಹ್ಯಾಂಗರಿನ ಒಳಗಿನ ಅಲ್ಯೂಮಿನಿಯಂ ದಾರ ಹಾಳಾಗುತ್ತದೆ. ಇನ್ನೊಂದು ದೋಷ ಉದ್ದದ್ದು. ಆಕ್ಸಲ್ ತುಸು ಉದ್ದವಿದ್ದು ದಾರದ ಕೊನೆಗೆ ಮುಟ್ಟಿ ನಿಂತರೆ ಕೈಗೆ ಬಿಗಿಯಾದಂತೆಯೇ ಭಾಸವಾಗುತ್ತದೆ, ಟಾರ್ಕ್ ರೆಂಚ್ ಕೂಡ ಸರಿಯಾದ ಅಂಕಿಯನ್ನೇ ತೋರಿಸುತ್ತದೆ, ಚಕ್ರ ಮಾತ್ರ ಫ್ರೇಮಿನ ನಡುವೆ ಒತ್ತಿ ಹಿಡಿದಿರುವುದಿಲ್ಲ. ತಲೆಯ ಕೆಳಗೆ ಒಂದು ತೆಳು ವಾಷರ್ ಹಾಕಿ ಬಿಗಿದು ಓಡಿಸಿ ನೋಡಿ. ಸಪ್ಪಳ ನಿಂತರೆ ಕಾರಣ ಸಿಕ್ಕಿತು. ವಾಷರ್ ಪರೀಕ್ಷೆಗಷ್ಟೆ, ಸರಿಯಾದ ಉದ್ದದ ಆಕ್ಸಲ್ ತರಿಸಿಕೊಳ್ಳಿ.

ಹೆಡ್‌ಸೆಟ್ ಮತ್ತು ಹ್ಯಾಂಗರ್

ಹೆಡ್‌ಸೆಟ್ಟಿನ ಬೇರಿಂಗ್ ಮೇಲೆ 36/45 ಅಥವಾ 45/45 ಎಂಬಂತೆ ಒಳ ಮತ್ತು ಹೊರ ಓರೆಗಳ ಕೋನ ಡಿಗ್ರಿಯಲ್ಲಿ ಬರೆದಿರುತ್ತದೆ. ಫ್ರೇಮಿನ ಕೂರುಜಾಗ 45ರದ್ದಿದ್ದು ಬೇರಿಂಗಿನ ಹೊರ ಓರೆ 36ರದ್ದಾದರೆ ಅದು ಒಂದು ಗೆರೆಯ ಮೇಲಷ್ಟೇ ನಿಲ್ಲುತ್ತದೆ, ಎಷ್ಟು ಹೊಂದಿಸಿದರೂ ನಾಲ್ಕು ದಿನಕ್ಕೆ ಮತ್ತೆ ಸಡಿಲ. ಬೇರಿಂಗಿನ ಓರೆಗೆ ಮಾರ್ಕರ್ ಶಾಯಿ ಬಳಿದು, ಕೂರಿಸಿ, ಕೆಲವು ಸಲ ತಿರುಗಿಸಿ ತೆಗೆದು ನೋಡಿದರೆ ಶಾಯಿ ಅಗಲವಾಗಿ ಅಳಿಸಿದೆಯೋ ಗೆರೆಯಾಗಿ ಅಳಿಸಿದೆಯೋ ತಿಳಿಯುತ್ತದೆ. ಸ್ಟೀರರಿನ ತುದಿ ಸ್ಟೆಮ್ ಅಥವಾ ಮೇಲಿನ ಸ್ಪೇಸರಿಗಿಂತ 3 ಮಿ.ಮೀ. ಕೆಳಗಿರಬೇಕು, ಒಳಗಿನಿಂದ ಹಿಗ್ಗಿ ಸ್ಟೀರರನ್ನು ಹಿಡಿಯುವ ಎಕ್ಸ್‌ಪ್ಯಾಂಡರ್ ಸ್ಟೆಮ್ಮಿನ ಹಿಡಿತದ ಎತ್ತರಕ್ಕೇ ಇರಬೇಕು. ಕಾರ್ಬನ್ ಸ್ಟೀರರಿಗೆ ಹಲ್ಲುಗಳು ಗೋಡೆಗೆ ಕಚ್ಚುವ ಉಕ್ಕಿನ ಸ್ಟಾರ್ ನಟ್ ಬಡಿಯುವುದು ಎಂದಿಗೂ ಸಲ್ಲದು.

ತುಳಿದಾಗ 'ಕಟ್' ಎಂದು ಚೈನ್ ಹಲ್ಲಿನ ಮೇಲೆ ಹಾರುವುದನ್ನೂ ಕೆಲವರು ಫ್ರೇಮಿನ ಸಪ್ಪಳವೆಂದೇ ತಿಳಿಯುತ್ತಾರೆ. ಅದು ಕೆಲವು ಗೇರುಗಳಲ್ಲಿ ಮಾತ್ರ ಬರುವುದಾದರೆ ಹ್ಯಾಂಗರ್ ಬಾಗಿರುತ್ತದೆ. ಹನ್ನೊಂದು ಗೇರಿನ ಕ್ಯಾಸೆಟ್ಟಿನಲ್ಲಿ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಇರುವ ದೂರವೇ 4 ಮಿ.ಮೀ.ಗಿಂತ ಕಡಿಮೆ, ಹಾಗಾಗಿ ಸಣ್ಣ ಬಾಗು ಕೂಡ ಎದ್ದು ಕಾಣುತ್ತದೆ. ಹ್ಯಾಂಗರ್ ಗೇಜಿನಿಂದ ರಿಮ್ಮಿನ ನಾಲ್ಕು ಕಡೆ ನೋಡಿದಾಗ ಅಂತರದ ವ್ಯತ್ಯಾಸ 4 ಮಿ.ಮೀ. ಒಳಗೆ ಬರಬೇಕು. ಹೆಸರಿಲ್ಲದ ಫ್ರೇಮಿನ ಹ್ಯಾಂಗರ್ ಇಲ್ಲಿಯ ಅಂಗಡಿಗಳಲ್ಲಿ ಸಿಗುವುದಿಲ್ಲ, ಹೈದರಾಬಾದಿಗೆ ಹೋದರೂ ಆಕಾರ ಹೊಂದುವ ಖಾತ್ರಿಯಿಲ್ಲ. ಫ್ರೇಮ್ ತರಿಸುವಾಗಲೇ ಎರಡು ಹೆಚ್ಚಿಗೆ ಕೇಳಿ ಪಡೆಯಿರಿ, ಒಂದನ್ನು ಸ್ಕೇಲಿನ ಪಕ್ಕದಲ್ಲಿಟ್ಟು ಎರಡೂ ಮಗ್ಗುಲಿನ ಫೋಟೊ ತೆಗೆದು, ಶೆಲ್ಲಿನ ಅಳತೆಗಳನ್ನು ಬರೆದ ಅದೇ ನೋಟ್‌ಬುಕ್ಕಿಗೆ ಅಂಟಿಸಿಡಿ.